ಪುರುಷತ್ವದ ನೆಲೆ ಎಲ್ಲಿ?



ಮನುಷ್ಯಶರೀರದಲ್ಲಿ ಜೋಡಿಯಾಗಿರುವ ಅಂಗಗಳು ಹಲವು. ಕಣ್ಣು ಎರಡು, ಕಿವಿ ಎರಡು, ಶ್ವಾಸಕೋಶ ಎರಡು, ಮೂತ್ರಪಿಂಡ ಎರಡು. ಇವುಗಳಲ್ಲಿ ಒಂದನ್ನು ಕಳೆದುಕೊಂಡವನನ್ನು ಕಂಡಾಗ ನಾವು ಮರುಗುತ್ತೇವೆ. ಆದರೆ ಅವನು ಮನುಷ್ಯನೇ ಅಲ್ಲವೆಂದು ಹೇಳುವುದಿಲ್ಲ. ತನ್ನ ಒಂದು ಮೂತ್ರಪಿಂಡವನ್ನು ತಮ್ಮನಿಗೆ ದಾನ ಮಾಡಿದ ಅಣ್ಣನನ್ನು ಊರೇ ಕೊಂಡಾಡುತ್ತದೆ. ಹೀಗಿದ್ದರೂ ಎರಡು ವೃಷಣಗಳಲ್ಲಿ ಒಂದನ್ನು ರೋಗದಿಂದಲೋ ಪೆಟ್ಟಿನಿಂದಲೋ ಕಳೆದುಕೊಂಡವನ ಸುದ್ದಿ ಬಂದಾಗ ಮಾತ್ರ ನಮ್ಮ ಮಾತು ಪಿಸುಮಾತಾಗುತ್ತದೆ, ಮರುಕದ ಸ್ಥಳದಲ್ಲಿ ನಗೆ ಹುಟ್ಟುತ್ತದೆ. ಆ ಮನುಷ್ಯನೂ ತನ್ನನ್ನು ತಾನು ಅರ್ಧ ಗಂಡಸೆಂದು ಬಗೆದು ಒಳಗೊಳಗೇ ಕುಗ್ಗುತ್ತಾನೆ. ಒಂದೇ ಬಗೆಯ ನಷ್ಟಕ್ಕೆ ಇಂತಹ ಎರಡು ಬಗೆಯ ನ್ಯಾಯವೇಕೆ? ಈ ಪ್ರಶ್ನೆಯನ್ನು ಇಂದು ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಮಠದ ಪತ್ರಿಕೆಯಲ್ಲಿ ಇಂತಹ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಅಂಥವರಲ್ಲಿ ನಮ್ಮ ವಿನಂತಿ ಇಷ್ಟೆ. ಗುಪ್ತಾಂಗದ ಮರ್ಯಾದೆಯನ್ನು ಕಾಯುವುದು ಒಂದು. ಅದರ ಬಗೆಗೆ ಅಜ್ಞಾನವನ್ನು ಕಾಯುವುದು ಇನ್ನೊಂದು. ಮೊದಲನೆಯದು ಶೀಲ, ಎರಡನೆಯದು ಅಪಾಯ. ಅಲಖನೂರ, ಹಾರೂಗೇರಿ, ರಾಯಬಾಗ, ಚಿಕ್ಕೋಡಿಯ ಈ ಸೀಮೆಯಲ್ಲಿ ಮಕ್ಕಳಾಗಲಿಲ್ಲವೆಂದು ಮಠಕ್ಕೆ ಬಂದು ತೆಂಗಿನಕಾಯಿ ಇಟ್ಟು ಕೈಮುಗಿಯುವ ದಂಪತಿಗಳು ಎಷ್ಟೋ ಮಂದಿ. ಅವರಲ್ಲಿ ಕಣ್ಣೀರು ಹಾಕುವವಳು ಪ್ರಾಯಶಃ ಹೆಣ್ಣುಮಗಳು. ಸುಮ್ಮನೆ ನೆಲ ನೋಡುತ್ತ ನಿಲ್ಲುವವನು ಗಂಡುಮಗ. ಆ ಮೌನದ ಹಿಂದೆ ಏನಿದೆ ಎಂಬುದನ್ನು ಯಾರಾದರೂ ಕೇಳಬೇಕಲ್ಲವೇ? ದೇಹವನ್ನೇ ದೇವಾಲಯವೆಂದು ಬಗೆದ ಪರಂಪರೆ ನಮ್ಮದು. ದೇವಾಲಯದ ಒಂದು ಮೂಲೆಯನ್ನು ಮಾತ್ರ ಕತ್ತಲೆಯಲ್ಲಿಡುವುದು ಯುಕ್ತವಲ್ಲ.

ಒಕ್ಕಲುತನದ ನಾಡಿನಲ್ಲಿ ಈ ತಪ್ಪು ಕಲ್ಪನೆ ಬೇರೂರಲು ಕಾರಣವಿದೆ. ಹೋರಿಯ ಬೀಜ ಒಡೆದರೆ ಅದು ಎತ್ತಾಗುತ್ತದೆ ಎಂಬುದನ್ನು ರೈತನ ಮಗ ಬಾಲ್ಯದಿಂದಲೇ ಕಂಡಿರುತ್ತಾನೆ. ಅದರ ಸೊಕ್ಕು ಇಳಿಯುತ್ತದೆ, ಹಿಣಿಲು ತಗ್ಗುತ್ತದೆ, ಅದು ನೊಗಕ್ಕೆ ಹೆಗಲು ಕೊಡುತ್ತದೆ. ಆದ್ದರಿಂದ ಬೀಜವೇ ಗಂಡಸುತನ, ಬೀಜ ಹೋದರೆ ಗಂಡಸುತನ ಹೋಯಿತು ಎಂಬ ಸಮೀಕರಣ ಅವನ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಅದೇ ರೈತನನ್ನು ಕೇಳಿ ನೋಡಿರಿ: ಎತ್ತು ಮಾಡುವಾಗ ಒಂದು ಬೀಜ ಉಳಿದುಬಿಟ್ಟರೆ ಏನಾಗುತ್ತದೆ? ಅದು ಎತ್ತಾಗುವುದಿಲ್ಲ, ಹೋರಿಯಾಗಿಯೇ ಉಳಿಯುತ್ತದೆ. ಬೆದೆಗೆ ಬಂದ ಆಕಳನ್ನು ಕಂಡರೆ ಹಗ್ಗ ಹರಿಯುತ್ತದೆ. ಆದುದರಿಂದಲೇ ಇಕ್ಕಳ ಹಾಕುವ ಪಶುವೈದ್ಯನು ಎರಡೂ ಕಡೆಯನ್ನು ಮುಟ್ಟಿ ಪರೀಕ್ಷಿಸಿ ನೋಡುತ್ತಾನೆ. ಕೊಟ್ಟಿಗೆಯಲ್ಲಿ ನಮಗೆ ಗೊತ್ತಿರುವ ಈ ಸತ್ಯವು ಮನೆಯೊಳಗೆ ಬರುವಾಗ ಮರೆತುಹೋಗುವುದು ವಿಚಿತ್ರ.

ಜರ್ಮನಿಯ ಗಾಟಿಂಗೆನ್ ಎಂಬಲ್ಲಿ ಆರ್ನಾಲ್ಡ್ ಬರ್ಥೋಲ್ಡ್ ಎಂಬ ವಿದ್ವಾಂಸನು 1849ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಶಾಸ್ತ್ರೀಯವಾಗಿ ತೋರಿಸಿತು. ಅವನು ಆರು ಹುಂಜದ ಮರಿಗಳನ್ನು ತೆಗೆದುಕೊಂಡನು. ಎರಡರ ವೃಷಣಗಳನ್ನು ಪೂರ್ತಿ ತೆಗೆದನು. ಅವುಗಳ ಜುಟ್ಟು ಬಾಡಿತು, ಕೂಗು ಕುಗ್ಗಿತು, ಕಾದಾಟ ನಿಂತಿತು. ಇನ್ನೆರಡರಲ್ಲಿ ಒಂದೊಂದು ವೃಷಣವನ್ನು ತೆಗೆದು, ಉಳಿದ ಒಂದನ್ನು ಅದರ ಸ್ಥಾನದಿಂದ ಬಿಡಿಸಿ ಹೊಟ್ಟೆಯೊಳಗೇ ಬಿಟ್ಟನು. ಕೊನೆಯ ಎರಡರಲ್ಲಿ ಒಂದರ ವೃಷಣವನ್ನು ಇನ್ನೊಂದರ ಹೊಟ್ಟೆಯಲ್ಲಿ ಇರಿಸಿದನು. ಈ ನಾಲ್ಕೂ ಎಂದಿನ ಹುಂಜಗಳಂತೆಯೇ ಬೆಳೆದು ಕೂಗಿದವು, ಕಾದಾಡಿದವು. ನರಗಳ ಸಂಬಂಧ ಕಡಿದುಹೋದರೂ ಒಂದೇ ವೃಷಣವು ರಕ್ತದಲ್ಲಿ ಏನನ್ನೋ ಸೇರಿಸಿ ಇಡೀ ದೇಹವನ್ನು ಗಂಡಾಗಿ ಇರಿಸಬಲ್ಲದೆಂದು ಇದರಿಂದ ಸಿದ್ಧವಾಯಿತು. ಆ ‘ಏನೋ’ ಎಂಬುದೇ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು. ಅದನ್ನು ಬೇರ್ಪಡಿಸಿದ್ದೂ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದೂ 1935ರಲ್ಲಿ. ಈ ಕ್ಷೇತ್ರದ ಸಂಶೋಧನೆಗಾಗಿ ಬುಟೆನಾಂಟ್ ಮತ್ತು ರುಝಿಚ್ಕಾ ಎಂಬ ರಸಾಯನವಿಜ್ಞಾನಿಗಳಿಗೆ 1939ರ ನೊಬೆಲ್ ಪಾರಿತೋಷಕ ಬಂದಿತು.

ವೃಷಣದ ಕೆಲಸ ಎರಡು ಬಗೆಯದು. ಅದರೊಳಗಿನ ಸೂಕ್ಷ್ಮ ನಾಳಗಳಲ್ಲಿ ವೀರ್ಯಾಣುಗಳು ಹುಟ್ಟಿ ಬೆಳೆಯುತ್ತವೆ. ಒಂದು ವೀರ್ಯಾಣು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆ ನಾಳಗಳ ನಡುವೆ ಇರುವ ಲೇಡಿಗ್ ಕೋಶಗಳು ಟೆಸ್ಟೋಸ್ಟೆರೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಮೀಸೆ ಗಡ್ಡ, ಧ್ವನಿ, ಸ್ನಾಯು, ಎಲುಬಿನ ಬಲ, ಕಾಮಾಸಕ್ತಿ, ಮನಸ್ಸಿನ ಉತ್ಸಾಹ ಇವೆಲ್ಲ ಆ ಹಾರ್ಮೋನಿಗೆ ಋಣಿ. ಈ ಎರಡೂ ಕೆಲಸಗಳ ಮೇಲ್ವಿಚಾರಣೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ರಕ್ತದಲ್ಲಿ ಟೆಸ್ಟೋಸ್ಟೆರೋನು ಕಡಿಮೆಯಾದುದು ತಿಳಿದೊಡನೆ ಅದು ತನ್ನ ಪ್ರೇರಕ ದ್ರವಗಳನ್ನು ಹೆಚ್ಚಿಸುತ್ತದೆ, ಸಾಕಷ್ಟಾದೊಡನೆ ತಗ್ಗಿಸುತ್ತದೆ. ಒಂದು ವೃಷಣ ಹೋದಾಗ ಆಗುವುದೂ ಇದೇ. ಮೇಲಿನಿಂದ ಆಜ್ಞೆ ಬಲವಾಗುತ್ತದೆ, ಉಳಿದ ಒಂದು ಹೆಚ್ಚು ದುಡಿಯುತ್ತದೆ. ಎರಡು ಮೋಟೆಯ ಬಾವಿಯಲ್ಲಿ ಒಂದು ಮೋಟೆ ನಿಂತರೆ ಇನ್ನೊಂದನ್ನು ಬೇಗ ಬೇಗ ಎಳೆದು ತೋಟಕ್ಕೆ ನೀರುಣಿಸಿದ ಹಾಗೆ. ಆದ್ದರಿಂದ ಉಳಿದ ವೃಷಣ ಆರೋಗ್ಯವಾಗಿದ್ದ ಪಕ್ಷದಲ್ಲಿ ಬಹುಮಂದಿಗೆ ಹಾರ್ಮೋನಿನ ಮಟ್ಟ ಸಹಜವಾಗಿಯೇ ಇರುತ್ತದೆ, ದಾಂಪತ್ಯಸುಖಕ್ಕೆ ಕುಂದಿಲ್ಲ, ಮಕ್ಕಳೂ ಆಗುತ್ತಾರೆ. ವೀರ್ಯಾಣುಗಳ ಸಂಖ್ಯೆ ಕೆಲಮಟ್ಟಿಗೆ ಇಳಿಯಬಹುದು. ಆದರೆ ಸಂತಾನದ ಸಂಭವ ಅರ್ಧಕ್ಕೆ ಇಳಿಯುತ್ತದೆಂಬ ಲೆಕ್ಕ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯು 2021ರ ಕೈಪಿಡಿಯಲ್ಲಿ ಕೊಟ್ಟ ಕೆಳಗಿನ ಪ್ರಮಾಣ ಒಂದು ಸಲದ ವೀರ್ಯದಲ್ಲಿ ಒಟ್ಟು 3 ಕೋಟಿ 90 ಲಕ್ಷ ವೀರ್ಯಾಣುಗಳು. ಪ್ರಕೃತಿಯು ಕೋಟಿಗಳಲ್ಲಿ ಎಣಿಸಿ ಕೊಟ್ಟಿರುವಲ್ಲಿ ಮನುಷ್ಯನು ಒಂದು ಎರಡು ಎಂದು ಎಣಿಸುತ್ತ ಎದೆಗುಂದುವುದು ಸರಿಯಲ್ಲ.

ನಮ್ಮ ಪ್ರಾಚೀನರೂ ಈ ವಿಷಯದಲ್ಲಿ ನಮಗಿಂತ ಬಿಚ್ಚುಮನಸ್ಸಿನವರಾಗಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಕ್ಲೈಬ್ಯವನ್ನು ಬೀಜೋಪಘಾತ, ಧ್ವಜಭಂಗ, ಜರೆ, ಶುಕ್ರಕ್ಷಯ ಎಂಬ ನಾಲ್ಕು ಕಾರಣಗಳಿಂದ ವಿಂಗಡಿಸಲಾಗಿದೆ. ಬೀಜಕ್ಕೆ ಒದಗುವ ಹಾನಿಯೇ ಬೇರೆ, ಇಂದ್ರಿಯಶಕ್ತಿಯ ಕುಂದೇ ಬೇರೆ ಎಂಬ ವಿವೇಕ ಆ ಗ್ರಂಥಕಾರರಿಗಿತ್ತು. ಇಂದು ನಾವು ‘ಷಂಡ’ ಎಂಬ ಒಂದೇ ಬೈಗುಳದಲ್ಲಿ ಎಲ್ಲವನ್ನೂ ತುಂಬಿಬಿಡುತ್ತೇವೆ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅಹಲ್ಯೆಯ ಪ್ರಸಂಗದ ಒಂದು ವಿವರವನ್ನು ಹರಿಕಥೆಯವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಗೌತಮರ ಶಾಪದಿಂದ ಇಂದ್ರನ ವೃಷಣಗಳು ಬಿದ್ದುಹೋದವು. ಪಿತೃದೇವತೆಗಳು ಟಗರಿನ ವೃಷಣಗಳನ್ನು ಅವನಿಗೆ ಜೋಡಿಸಿದರು. ಅಂದಿನಿಂದ ಅವನಿಗೆ ಮೇಷವೃಷಣನೆಂಬ ಹೆಸರಾಯಿತು. ಈ ಕಥೆಯಲ್ಲಿ ಗಮನಿಸಬೇಕಾದುದೇನೆಂದರೆ ಇಂದ್ರನ ಇಂದ್ರಪದವಿಯನ್ನು ಯಾರೂ ಕಸಿದುಕೊಳ್ಳಲಿಲ್ಲ. ಅವನಿಗೆ ಬಂದ ಅಪಕೀರ್ತಿ ಅಂಗನಷ್ಟದಿಂದ ಬಂದುದಲ್ಲ, ಪರಸತಿಯನ್ನು ವಂಚಿಸಿದ ನಡತೆಯಿಂದ ಬಂದುದು.

ಹೊರದೇಶದ ಒಂದು ಇತ್ತೀಚಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1996ರಲ್ಲಿ ಕ್ಯಾನ್ಸರಿಗೆ ಒಂದು ವೃಷಣವನ್ನು ಕಳೆದುಕೊಂಡನು. ಉಗ್ರ ಔಷಧೋಪಚಾರಕ್ಕೆ ಮುನ್ನ ಕಾಯ್ದಿಟ್ಟ ವೀರ್ಯದಿಂದ ಅವನಿಗೆ ಮೂವರು ಮಕ್ಕಳಾದರು. ಅನಂತರ 2009 ಮತ್ತು 2010ರಲ್ಲಿ ಸಹಜವಾಗಿಯೇ ಇನ್ನಿಬ್ಬರು ಹುಟ್ಟಿದರು. ಜಗತ್ತಿನ ಅತಿ ಕಠಿಣ ಸೈಕಲ್ ಸ್ಪರ್ಧೆಯನ್ನು ಅವನು ಏಳು ಸಲ ಗೆದ್ದನು. ನಿಷಿದ್ಧ ಔಷಧ ಸೇವಿಸಿ ಗೆದ್ದುದು ಬಯಲಾದಾಗ 2012ರಲ್ಲಿ ಆ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ಅಂಗ ಹೋದಾಗ ಅವನು ಸಣ್ಣವನಾಗಲಿಲ್ಲ, ಸತ್ಯ ಹೋದಾಗ ಸಣ್ಣವನಾದನು.

ಇನ್ನು ಈ ನಷ್ಟ ಹೇಗೆ ಒದಗುತ್ತದೆ ಎಂಬುದನ್ನು ತಿಳಿದರೆ ನಾಚಿಕೆಯ ಬೆಲೆ ಎಷ್ಟೆಂಬುದು ಅರ್ಥವಾಗುತ್ತದೆ. ಹದಿನಾಲ್ಕು ಹದಿನೈದರ ಹುಡುಗನೊಬ್ಬನನ್ನು ಮನಸ್ಸಿಗೆ ತಂದುಕೊಳ್ಳಿರಿ. ನಡುರಾತ್ರಿಯಲ್ಲಿ ಅವನಿಗೆ ವೃಷಣದಲ್ಲಿ ಇದ್ದಕ್ಕಿದ್ದಂತೆ ಅಸಹ್ಯ ನೋವು ಏಳುತ್ತದೆ, ವಾಂತಿಯಾಗುತ್ತದೆ. ಬರಿಯ ಹೊಟ್ಟೆನೋವೆಂದು ತಾಯಿಗೆ ಹೇಳುತ್ತಾನೆ. ನಿಜವಾದ ಜಾಗವನ್ನು ಹೇಳಲು ನಾಚಿಕೆ. ತಾಯಿ ಅಜಿವಾನದ ನೀರು ಕೊಡುತ್ತಾಳೆ. ಬೆಳಗಾಗುತ್ತದೆ, ಮಧ್ಯಾಹ್ನವಾಗುತ್ತದೆ. ಒಳಗೆ ಆದುದೇನೆಂದರೆ ವೃಷಣವು ತನ್ನ ರಕ್ತನಾಳದ ಹುರಿಯ ಮೇಲೆ ತಿರುಚಿಕೊಂಡು ರಕ್ತಸಂಚಾರ ನಿಂತಿದೆ. ಆರು ಗಂಟೆಗಳೊಳಗೆ ಶಸ್ತ್ರವೈದ್ಯನು ಆ ತಿರುಚನ್ನು ಬಿಡಿಸಿದರೆ ಪ್ರಾಯಶಃ ಅಂಗ ಉಳಿಯುತ್ತದೆ; ಹೊತ್ತು ಮೀರಿದಷ್ಟೂ ಆಸೆ ಕಡಿಮೆ; ಒಂದು ದಿನ ಕಳೆದ ಮೇಲೆ ತೆಗೆದುಹಾಕುವುದೇ ಗತಿ. ಇದು ಹದಿಹರೆಯದಲ್ಲಿಯೇ ಹೆಚ್ಚು. ಇಂಥ ಹುಡುಗನ ವೃಷಣ ಹಾಳಾದುದು ರೋಗದಿಂದಲೋ, ನಮ್ಮ ಮನೆಗಳಲ್ಲಿ ಆ ಅಂಗಕ್ಕೆ ಹೇಳಬಹುದಾದ ಒಂದು ಹೆಸರೂ ಇಲ್ಲದ್ದರಿಂದಲೋ? ತಂದೆಯಾದವನು ಮಗನಿಗೆ ಹೊಲದ ಬದು ತೋರಿಸಿಕೊಡುವಂತೆ ಇದನ್ನೂ ತಿಳಿಸಿಕೊಡಬೇಕು: ಅಲ್ಲಿ ಹಠಾತ್ತನೆ ನೋವು ಬಂದರೆ ರಾತ್ರಿಯೆನ್ನದೆ ಎಬ್ಬಿಸು. ವೈದ್ಯರು ಶಸ್ತ್ರಕ್ರಿಯೆಯಲ್ಲಿ ಇನ್ನೊಂದು ವೃಷಣವೂ ಮುಂದೆ ತಿರುಚಿಕೊಳ್ಳದಂತೆ ಹೊಲಿದು ನಿಲ್ಲಿಸುತ್ತಾರೆಂಬುದನ್ನೂ ಅರಿತಿರಬೇಕು.

ಬೇರೆ ಕಾರಣಗಳೂ ಇವೆ. ಪೂರ್ಣ ದಿನ ತುಂಬಿ ಹುಟ್ಟುವ ಗಂಡುಕೂಸುಗಳಲ್ಲಿ ನೂರಕ್ಕೆ ಸುಮಾರು ಮೂವರಿಗೆ ವೃಷಣ ಚೀಲಕ್ಕೆ ಇಳಿದಿರುವುದಿಲ್ಲ. ಕೆಲವರಲ್ಲಿ ಮೊದಲ ಆರು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಕೂಸಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಶಸ್ತ್ರಕ್ರಿಯೆಯಿಂದ ಇಳಿಸಬೇಕು. ವೃಷಣಕ್ಕೆ ದೇಹದ ಶಾಖಕ್ಕಿಂತ ಎರಡು ಮೂರು ಅಂಶ ತಂಪು ಬೇಕು. ಅದಕ್ಕಾಗಿಯೇ ಪ್ರಕೃತಿ ಅದನ್ನು ಹೊರಗೆ ತೂಗಿಬಿಟ್ಟಿದೆ. ಹೊಟ್ಟೆಯೊಳಗೇ ಉಳಿದದ್ದು ಬೀಜಶಕ್ತಿಯನ್ನು ಕಳೆದುಕೊಳ್ಳುತ್ತದೆ, ಮುಂದೆ ಕ್ಯಾನ್ಸರಿಗೂ ಎಡೆಯಾಗಬಹುದು. ವಯಸ್ಸಿಗೆ ಬಂದ ಮೇಲೆ ಬರುವ ಮಂಗನಬಾವು ಕೆಲವರಲ್ಲಿ ವೃಷಣಕ್ಕೆ ಇಳಿದು ಅದನ್ನು ಬಾಡಿಸುತ್ತದೆ. ಎತ್ತಿನ ಕೋಡು, ಬೈಸಿಕಲ್ಲಿನ ದಂಡಿಗೆ, ಕಬಡ್ಡಿಯ ಒದೆತ ಇವುಗಳ ಪೆಟ್ಟಿನಿಂದ ಕೆಲವರದು ಹೋಗುತ್ತದೆ. ಕೊನೆಯದಾಗಿ ಕ್ಯಾನ್ಸರು. ಇದು ಹದಿನೈದರಿಂದ ನಲವತ್ತರ ಪ್ರಾಯದ ತರುಣರನ್ನೇ ಹೆಚ್ಚಾಗಿ ಹಿಡಿಯುತ್ತದೆ. ನೋವಿಲ್ಲದ ಗಟ್ಟಿ ಗಂಟಾಗಿ ತಲೆದೋರುತ್ತದೆ. ನೋವಿಲ್ಲದ್ದರಿಂದಲೇ ಅಲಕ್ಷ್ಯ ಮಾಡುತ್ತಾರೆ. 1970ರ ದಶಕದಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಗುಣವಾಗುವ ಕ್ಯಾನ್ಸರುಗಳಲ್ಲಿ ಇದು ಮುಂಚೂಣಿಯದಾಗಿದೆ. ಬೇಗ ಕಂಡುಹಿಡಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕುತ್ತಾರೆ. ಒಂದು ವೃಷಣವನ್ನು ಕೊಟ್ಟು ಪ್ರಾಣವನ್ನು ಉಳಿಸಿಕೊಳ್ಳುವ ವ್ಯಾಪಾರದಲ್ಲಿ ನಷ್ಟವೆಲ್ಲಿದೆ?

ಧೈರ್ಯ ಹೇಳುವ ಭರದಲ್ಲಿ ಅರ್ಧಸತ್ಯ ಹೇಳುವುದೂ ಸಲ್ಲದು. ಒಂದು ಸಾಕೆಂಬ ಮಾತು ಆ ಒಂದು ಆರೋಗ್ಯವಾಗಿದ್ದಾಗ ಮಾತ್ರ ಸತ್ಯ. ಒಂದನ್ನು ಕೆಡಿಸಿದ ರೋಗ ಇನ್ನೊಂದನ್ನೂ ಮುಟ್ಟಿರಬಹುದು. ಆದ್ದರಿಂದ ಒಂದನ್ನು ಕಳೆದುಕೊಂಡವನು ವೈದ್ಯರ ಬಳಿ ಹೋಗಿ ಬೆಳಗಿನ ಹೊತ್ತಿನ ರಕ್ತದಲ್ಲಿ ಟೆಸ್ಟೋಸ್ಟೆರೋನಿನ ಮಟ್ಟವನ್ನೂ ಪಿಟ್ಯುಟರಿಯ ಪ್ರೇರಕ ದ್ರವಗಳನ್ನೂ ನೋಡಿಸಿಕೊಳ್ಳಬೇಕು. ಸಂತಾನದ ಚಿಂತೆಯಿದ್ದರೆ ಎರಡರಿಂದ ಏಳು ದಿನ ಸಂಯಮವಿಟ್ಟು ವೀರ್ಯಪರೀಕ್ಷೆ ಮಾಡಿಸಬೇಕು. ಒಂದೇ ಪರೀಕ್ಷೆಯಿಂದ ಎದೆಗೆಡಬಾರದು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ದಣಿವು, ಕಾಮಾಸಕ್ತಿಯ ಕುಗ್ಗುವಿಕೆ, ಗಡ್ಡದ ಬೆಳವಣಿಗೆ ತಗ್ಗುವುದು, ಮೈ ಬಿಸಿಯಾಗುವುದು, ಎಲುಬು ದುರ್ಬಲವಾಗುವುದು ಇವು ದೀರ್ಘಕಾಲ ಕಂಡುಬಂದರೆ ಹಾರ್ಮೋನಿನ ಕೊರತೆಯೇ ಎಂದು ಪರೀಕ್ಷಿಸಬೇಕು. ಕೊರತೆ ನಿಜವಾಗಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಕ್ಯಾನ್ಸರಿನ ಉಗ್ರ ಔಷಧ ಅಥವಾ ಕಿರಣೋಪಚಾರಕ್ಕೆ ಮುನ್ನ ವೀರ್ಯವನ್ನು ಶೈತ್ಯದಲ್ಲಿ ಕಾಯ್ದಿಡುವ ವ್ಯವಸ್ಥೆಯಿದೆ. ಅಂಥ ಭಂಡಾರಗಳು ನಮ್ಮ ದೇಶದಲ್ಲಿ 2021ರ ಕಾಯಿದೆಗೆ ಒಳಪಟ್ಟಿವೆ. ಚಿಕಿತ್ಸೆ ಆರಂಭವಾದ ಮೇಲೆ ಕೇಳಿದರೆ ಹೊತ್ತು ಮೀರಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ನಮ್ಮ ಗರಡಿಯ ಹುಡುಗರಿಗೂ ವ್ಯಾಯಾಮಶಾಲೆಯ ತರುಣರಿಗೂ ಒತ್ತಿ ಹೇಳಬೇಕಾಗಿದೆ. ಗಂಡಸುತನ ಹೆಚ್ಚಲೆಂದು ಕೆಲವರು ಯಾರ ಸಲಹೆಯೂ ಇಲ್ಲದೆ ಟೆಸ್ಟೋಸ್ಟೆರೋನಿನ ಚುಚ್ಚುಮದ್ದನ್ನು ಹಾಕಿಸಿಕೊಳ್ಳುತ್ತಾರೆ. ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯುಟರಿಯು ಮನೆಯೊಳಗೆ ಬೇಕಾದಷ್ಟಿದೆಯೆಂದು ತಿಳಿದು ತನ್ನ ಆಜ್ಞೆಯನ್ನು ನಿಲ್ಲಿಸಿಬಿಡುತ್ತದೆ. ವೃಷಣ ಮಲಗುತ್ತದೆ, ವೀರ್ಯಾಣುಗಳು ಕಾಣೆಯಾಗುತ್ತವೆ. ಈ ಪರಿಣಾಮ ಎಷ್ಟು ಖಚಿತವೆಂದರೆ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಪುರುಷರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತು. ತೋಳು ದಪ್ಪವಾಗಲೆಂದು ತೊಟ್ಟಿಲನ್ನು ಬರಿದು ಮಾಡಿಕೊಳ್ಳುವ ಈ ಮೌಢ್ಯ ಒಂದೇ ವೃಷಣ ಉಳಿದವನಿಗಂತೂ ಇನ್ನಷ್ಟು ಅಪಾಯಕಾರಿ. ನಿಪ್ಪಾಣಿಯ ತಂಬಾಕು ಈ ಸೀಮೆಗೆ ಹಣ ತಂದಿದೆ ನಿಜ. ಆದರೆ ಬೀಡಿಯ ಹೊಗೆ ವೀರ್ಯಾಣುವಿಗೆ ಹಿತವಲ್ಲ. ಹೊಲಕ್ಕೆ ವಿಷ ಹೊಡೆಯುವವರೂ ಮೈ ಮುಚ್ಚಿಕೊಂಡು ಹೊಡೆಯಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡಿಬಿಸಿಪಿ ಎಂಬ ಕೃಮಿನಾಶಕ ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ತಮಗೆ ಮಕ್ಕಳಾಗುತ್ತಿಲ್ಲವೆಂದು ತಮ್ಮತಮ್ಮೊಳಗೆ ಮಾತಾಡಿಕೊಂಡುದರಿಂದಲೇ 1977ರಲ್ಲಿ ಆ ವಿಷದ ಗುಣ ಬೆಳಕಿಗೆ ಬಂದಿತು. ಅವರು ನಾಚಿ ಸುಮ್ಮನಿದ್ದಿದ್ದರೆ ಇನ್ನೆಷ್ಟು ಜನ ಕೆಡುತ್ತಿದ್ದರೋ!

ಈಗ ಧರ್ಮದ ಪ್ರಶ್ನೆಗೆ ಬರೋಣ. ಒಂದು ವೃಷಣವನ್ನು ಕಳೆದುಕೊಂಡ ತರುಣನು ವಿವಾಹಕ್ಕೆ ಮುನ್ನ ಆ ಸಂಗತಿಯನ್ನು ಹೇಳಬೇಕೇ? ಬೇಡವೆನ್ನುವವರ ವಾದಕ್ಕೂ ಬಲವಿದೆ. ಒಂದರಿಂದಲೇ ಎಲ್ಲ ಸಾಗುವುದಾದರೆ ಅದು ದೋಷವೇ ಅಲ್ಲ, ದೋಷವಲ್ಲದ್ದನ್ನು ಹೇಳುವುದೇಕೆ? ಕರುಳುಬಾಲ ತೆಗೆಸಿಕೊಂಡವನು ಅದನ್ನು ನಿಶ್ಚಯಕಾರ್ಯದಲ್ಲಿ ಸಾರುತ್ತಾನೆಯೇ? ಹೇಳಿದರೆ ಸಂಬಂಧ ಮುರಿಯುತ್ತದೆ, ಊರೂರಿಗೆ ಸುದ್ದಿ ಹಬ್ಬುತ್ತದೆ, ಮುಂದೆ ಯಾರೂ ಹೆಣ್ಣು ಕೊಡುವುದಿಲ್ಲ. ಈ ಭಯವನ್ನು ನಾವು ಹಗುರವಾಗಿ ಎಣಿಸುವುದಿಲ್ಲ.

ಆದರೂ ನಮ್ಮ ನಿರ್ಣಯ ಹೇಳಬೇಕೆಂಬುದೇ. ಕಾರಣವೇನೆಂದರೆ, ಕರುಳುಬಾಲದಲ್ಲಿ ಹೆಂಡತಿಗೆ ಪಾಲಿಲ್ಲ, ಇದರಲ್ಲಿ ಪಾಲಿದೆ. ಮೊದಲ ರಾತ್ರಿಯೋ ಮರುತಿಂಗಳೋ ಅವಳಿಗೆ ಇದು ತಿಳಿದೇ ತಿಳಿಯುತ್ತದೆ. ಮೊದಲೇ ಹೇಳಿದರೆ ಅದು ಒಂದು ಸಂಗತಿ. ತಾನಾಗಿ ಕಂಡುಕೊಂಡರೆ ಅದು ವಂಚನೆ. ಸಂಗತಿಯನ್ನು ಮನಸ್ಸು ಒಂದು ದಿನದಲ್ಲಿ ಜೀರ್ಣಿಸಿಕೊಳ್ಳುತ್ತದೆ, ವಂಚನೆಯನ್ನು ಒಂದು ಜನ್ಮದಲ್ಲಿಯೂ ಅರಗಿಸಿಕೊಳ್ಳಲಾರದು. ಇನ್ನೊಂದು ಕಾರಣವೂ ಇದೆ. ಮುಚ್ಚಿಡುವವನು ತನಗೇ ಅರಿವಿಲ್ಲದೆ ತಾನು ಕುಂದುಳ್ಳವನೆಂದು ಒಪ್ಪಿಕೊಂಡಿರುತ್ತಾನೆ. ನಿರ್ಭಯವಾಗಿ ಹೇಳುವವನು ತನ್ನ ಪುರುಷತ್ವ ಅದರಲ್ಲಿಲ್ಲವೆಂದು ತೋರಿಸಿಕೊಡುತ್ತಾನೆ. 1955ರ ಹಿಂದೂ ವಿವಾಹ ಕಾಯಿದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ. ಅದರ ಹನ್ನೆರಡನೆಯ ಕಲಮು ನಪುಂಸಕತೆಯ ಕಾರಣದಿಂದ ದಾಂಪತ್ಯ ಕೂಡಿಬರದಿದ್ದರೆ ವಿವಾಹವನ್ನು ರದ್ದುಪಡಿಸಲು ಅವಕಾಶ ಕೊಡುತ್ತದೆ. ಮುಖ್ಯ ಸಂಗತಿಯೊಂದನ್ನು ಮರೆಮಾಚಿ ಮೋಸದಿಂದ ಒಪ್ಪಿಗೆ ಪಡೆದಿದ್ದರೂ ಅವಕಾಶ ಕೊಡುತ್ತದೆ. ಒಂದು ವೃಷಣವಿಲ್ಲದವನು ನಪುಂಸಕನಲ್ಲ. ಆದರೆ ಮರೆಮಾಚುವಿಕೆ ಎಂಬ ಎರಡನೆಯ ಬಾಗಿಲನ್ನು ಅವನೇ ತೆರೆದಿಡುವುದು ವಿವೇಕವಲ್ಲ.

ಯಾರಿಗೆ ಹೇಳಬೇಕೆಂಬುದರಲ್ಲಿಯೂ ಮಿತಿಯಿದೆ. ಮದುವೆ ಕುದುರಿಸುವವರಿಗಲ್ಲ, ಬೀಗರ ಕೂಟಕ್ಕಲ್ಲ. ಕೈಹಿಡಿಯುವ ಕನ್ಯೆಗೆ, ಅವಳು ಬಯಸಿದರೆ ಅವಳ ತಂದೆತಾಯಿಗಳಿಗೆ. ವೈದ್ಯರ ಪರೀಕ್ಷೆ ಆಗಿದ್ದರೆ ಅದರ ವರದಿಯನ್ನೂ ಜೊತೆಗೆ ತೋರಿಸಲಿ. ಕೇಳಿಸಿಕೊಂಡವರಿಗೂ ಒಂದು ಧರ್ಮವಿದೆ. ಸಂಬಂಧ ಬೇಡವೆನ್ನುವ ಸ್ವಾತಂತ್ರ್ಯ ಅವರಿಗುಂಟು. ಆದರೆ ನಂಬಿ ಹೇಳಿದ ಮಾತನ್ನು ಸಂತೆಗೆ ಒಯ್ಯುವ ಹಕ್ಕು ಅವರಿಗಿಲ್ಲ. ಸತ್ಯ ಹೇಳಿದವನನ್ನು ಶಿಕ್ಷಿಸುವ ಸಮಾಜ ಸುಳ್ಳು ಹೇಳುವವರನ್ನು ತಾನೇ ತಯಾರು ಮಾಡುತ್ತದೆ. ತರುಣನು ಮುಚ್ಚಿಟ್ಟರೆ ಆ ಪಾಪದಲ್ಲಿ ನಮ್ಮೆಲ್ಲರಿಗೂ ಪಾಲಿದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ತೀಕ್ಷ್ಣವಾದುದು. ಮಕ್ಕಳಾಗದ ಮನೆಯಲ್ಲಿ ಅಪರಾಧಿ ಯಾರು? ನಮ್ಮ ನುಡಿಯೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಹೆಣ್ಣಿಗೆ ‘ಬಂಜೆ’ ಎಂಬ ಮಾತಿದೆ; ಅದಕ್ಕೆ ಜೋಡಿಯಾಗಿ ಗಂಡಸಿಗೆ ಬಳಕೆಯಲ್ಲಿ ಒಂದು ಮಾತೂ ಇಲ್ಲ. ಹೊಲವನ್ನು ಬಂಜರೆನ್ನುತ್ತೇವೆ, ಬೀಜ ಹುಳುಕಾಗಿದ್ದೀತೆಂದು ಮಾತ್ರ ಸಂಶಯಪಡುವುದಿಲ್ಲ. ಆದರೆ ಬಿತ್ತನೆಯ ಹೊತ್ತಿಗೆ ಮೊಳಕೆ ಕಟ್ಟಿ ಬೀಜವನ್ನು ಪರೀಕ್ಷಿಸುವವರೂ ನಾವೇ. ಸಂತಾನಹೀನತೆಯ ಪ್ರಸಂಗಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ವೀರ್ಯಪರೀಕ್ಷೆ ಅಗ್ಗವಾದುದು, ನೋವಿಲ್ಲದ್ದು, ಒಂದು ದಿನದಲ್ಲಿ ಮುಗಿಯುವಂಥದು. ಹೆಣ್ಣಿನ ಪರೀಕ್ಷೆಗಳು ದುಬಾರಿ, ನೋವಿನವು. ಆದರೂ ನಮ್ಮ ಮನೆಗಳಲ್ಲಿ ಸೊಸೆಯನ್ನು ಮೂರು ಊರಿನ ದವಾಖಾನೆ, ಐದು ಊರಿನ ದೇವರು ಎಂದು ಅಲೆಸಿದ ಮೇಲೆಯೂ ಮಗನನ್ನು ಪರೀಕ್ಷೆಗೆ ಕಳಿಸಲು ಅತ್ತೆ ಒಪ್ಪುವುದಿಲ್ಲ. ತನಗೆ ಹಿಂದೆ ಆದ ನಷ್ಟವನ್ನು ತಾನೊಬ್ಬನೇ ಬಲ್ಲ ಗಂಡನು, ಕುಬಸದ ಕಾರ್ಯಕ್ಕೂ ತೊಟ್ಟಿಲ ಕಾರ್ಯಕ್ಕೂ ತನ್ನ ಹೆಂಡತಿಯನ್ನು ಕರೆಯದಿದ್ದಾಗ ಬಾಯಿಮುಚ್ಚಿ ಕುಳಿತರೆ, ಆಗ ಅವನು ನಿಜವಾಗಿಯೂ ಪುರುಷತ್ವವನ್ನು ಕಳೆದುಕೊಂಡವನು. ಶಸ್ತ್ರವೈದ್ಯನು ತೆಗೆದದ್ದು ಒಂದು ಗ್ರಂಥಿಯನ್ನು. ಆತ್ಮಗೌರವವನ್ನು ತೆಗೆದುಕೊಂಡವನು ತಾನೇ.

ಹಿಂದೆ ಇಂಥ ಮನೆಗಳಲ್ಲಿ ಎರಡನೆಯ ಹೆಣ್ಣನ್ನು ತರುವುದು ಸುಲಭದ ಉಪಾಯವಾಗಿತ್ತು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1946ರಲ್ಲಿಯೇ, ಆ ಪ್ರಾಂತವು ದ್ವಿಪತ್ನಿತ್ವವನ್ನು ಕಾಯಿದೆಯಿಂದ ತಡೆಯಿತು. 1955ರಲ್ಲಿ ಅದು ದೇಶಕ್ಕೆಲ್ಲ ಅನ್ವಯವಾಯಿತು. ಕಾಯಿದೆ ಬಾಗಿಲು ಮುಚ್ಚಿತು. ಆದರೆ ‘ಅವಳಲ್ಲಿಯೇ ದೋಷ’ ಎಂಬ ನಂಬಿಕೆ ಕಿಟಕಿಯಿಂದ ಒಳಗೆ ಬಂದು ಕುಳಿತಿದೆ. ಅದನ್ನು ಹೊರಡಿಸುವುದು ಕಾಯಿದೆಯ ಕೆಲಸವಲ್ಲ, ಮನೆಯ ಹಿರಿಯರ ಕೆಲಸ.

ಕೊನೆಯ ಪ್ರಶ್ನೆ: ಪರೀಕ್ಷೆ, ಚಿಕಿತ್ಸೆ ಎಲ್ಲವೂ ಆಗಿ ಮಕ್ಕಳು ಆಗಲೇ ಇಲ್ಲವೆಂದುಕೊಳ್ಳಿರಿ. ಒಂದೇ ವೀರ್ಯಾಣುವನ್ನು ಅಂಡದೊಳಗೆ ಸೇರಿಸುವ ಕ್ರಮ 1992ರಿಂದೀಚೆಗೆ ರೂಢಿಗೆ ಬಂದಿದೆ. ಆದರೂ ಅದು ಎಲ್ಲರಿಗೂ ಫಲಿಸುವುದಿಲ್ಲ, ಎಲ್ಲರ ಕೈಗೂ ಎಟುಕುವುದಿಲ್ಲ. ಆಗ ಆ ಮನುಷ್ಯನು ಗಂಡಸಲ್ಲವೇ? ಇದಕ್ಕೆ ಉತ್ತರ ಕೊಡುವ ಮುನ್ನ ಭಕ್ತರು ಒಂದು ಸಂಗತಿಯನ್ನು ಯೋಚಿಸಬೇಕು. ನೀವು ಯಾರ ಪಾದಕ್ಕೆ ಎರಗುತ್ತೀರೋ ಆ ವಿರಕ್ತರಿಗೆ ಸಂತಾನವಿಲ್ಲ. ಸಂತಾನವಿಲ್ಲದ ಕಾವಿಧಾರಿಯನ್ನು ಪೂಜ್ಯನೆಂದೂ, ಸಂತಾನವಿಲ್ಲದ ಗೃಹಸ್ಥನನ್ನು ನಿರ್ವಂಶನೆಂದೂ ಕರೆಯುವುದು ಯಾವ ನ್ಯಾಯ? ತಂದೆತನವು ರಕ್ತದಿಂದಲೇ ಬರುವುದಾಗಿದ್ದರೆ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು (1907–2019) ಅಷ್ಟು ಸಾವಿರ ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟು ತಂದೆಯಾದುದು ಹೇಗೆ? ಸನ್ಯಾಸಿಗಳ ಮಾತು ಬೇರೆ ಎನ್ನುವಿರಾದರೆ ನಮ್ಮ ಜಿಲ್ಲೆಯ ಗೃಹಸ್ಥರನ್ನೇ ನೋಡಿರಿ. ದತ್ತುಪುತ್ರರಾಗಿ ಬಂದು ಸಿರಸಂಗಿಯ ದೇಸಗತಿಯನ್ನು ಪಡೆದ ಲಿಂಗರಾಜರು, ತಮಗೆ ಮಕ್ಕಳಿಲ್ಲದಿರಲು, ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳಿಗೆ ಮೃತ್ಯುಪತ್ರದಿಂದ ಬಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಆ ಆಸ್ತಿಯ ವಿದ್ಯಾರ್ಥಿವೇತನದಿಂದ ಓದಿದವರು ಎಷ್ಟೋ ತಲೆಮಾರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತು ನಿಂತಿದೆ. ಮಕ್ಕಳಿದ್ದ ಎಷ್ಟು ದೇಸಾಯರ ಹೆಸರು ಇಂದು ನಮ್ಮ ನಾಲಗೆಯ ಮೇಲಿದೆ? ಮಾಗಡಿ ಸೀಮೆಯ ಹುಲಿಕಲ್ಲು ಕುದೂರುಗಳ ನಡುವಿನ ದಾರಿಯಲ್ಲಿ ಮಕ್ಕಳಿಲ್ಲದ ಚಿಕ್ಕಯ್ಯ ತಿಮ್ಮಕ್ಕ ದಂಪತಿಗಳು ಆಲದ ಸಸಿ ನೆಟ್ಟು ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ಆ ಸಾಲುಮರಗಳೇ ಅವರ ವಂಶವಾಯಿತು. ಕಾನೂನಿನ ಕ್ರಮದಂತೆ ಅನಾಥ ಕೂಸನ್ನು ದತ್ತು ತೆಗೆದುಕೊಳ್ಳುವ ದಾರಿಯಂತೂ ಎಲ್ಲರಿಗೂ ತೆರೆದಿದೆ.

ಹಾಗಾದರೆ ಪುರುಷತ್ವದ ನೆಲೆ ಎಲ್ಲಿ? ಶರಣರು ಜೀವಕ್ಕೆ ಗಂಡು ಹೆಣ್ಣೆಂಬ ಭೇದವನ್ನೇ ಒಪ್ಪಲಿಲ್ಲ. ಅಷ್ಟು ಎತ್ತರಕ್ಕೆ ಏರಲಾರದಿದ್ದರೂ ಇಷ್ಟನ್ನು ನಾವು ಒಪ್ಪಬಹುದು. ಗಂಡುದೇಹ ಹಾರ್ಮೋನಿನಿಂದ ಆಗುತ್ತದೆ. ಅದಕ್ಕೆ ಒಂದು ಗ್ರಂಥಿ ಸಾಕು. ತಂದೆತನ ಬೀಜದಿಂದ ಬರಬಹುದು, ಪೋಷಣೆಯಿಂದಲೂ ಬರಬಹುದು. ಪುರುಷತ್ವವೆಂಬುದು ಇವೆರಡೂ ಅಲ್ಲ. ಅದು ನಂಬಿದವರ ಮುಂದೆ ಸತ್ಯ ನುಡಿಯುವ ಧೈರ್ಯ, ತನ್ನ ಪಾಲಿನ ಹೊರೆಯನ್ನು ಹೆಂಡತಿಯ ತಲೆಯ ಮೇಲೆ ಹೊರಿಸದ ನ್ಯಾಯ. ಅದನ್ನು ಯಾವ ರೋಗವೂ ಕೀಳಲಾರದು, ಯಾವ ಚುಚ್ಚುಮದ್ದೂ ತುಂಬಲಾರದು.

ಆದುದರಿಂದ ಈ ಲೇಖನವನ್ನು ಓದಿದ ಹಿರಿಯರು ಮೂರು ಕೆಲಸ ಮಾಡಬೇಕೆಂದು ನಮ್ಮ ಅಪೇಕ್ಷೆ. ಮನೆಯ ಗಂಡುಮಕ್ಕಳಿಗೆ ಹಠಾತ್ ನೋವಿನ ಮತ್ತು ನೋವಿಲ್ಲದ ಗಂಟಿನ ವಿಷಯವನ್ನು ಸಂಕೋಚವಿಲ್ಲದೆ ತಿಳಿಸಿರಿ. ಮಕ್ಕಳಾಗದ ಮನೆಯಲ್ಲಿ ಸೊಸೆಗಿಂತ ಮೊದಲು ಮಗನ ಪರೀಕ್ಷೆ ಮಾಡಿಸಿರಿ. ಅಂಗವೊಂದನ್ನು ಕಳೆದುಕೊಂಡ ತರುಣನು ನಿಮ್ಮಲ್ಲಿ ನಂಬಿ ಬಾಯಿಬಿಟ್ಟರೆ ಅವನ ಮಾತನ್ನು ಕಾಯಿರಿ, ಅವನ ಬೆನ್ನಿಗೆ ನಿಲ್ಲಿರಿ. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಅನೇಕರಿದ್ದಾರೆ. ಅವರು ತಮ್ಮ ತಮ್ಮ ಊರಿನ ಪ್ರೌಢಶಾಲೆಗಳಲ್ಲಿ ವರ್ಷಕ್ಕೊಮ್ಮೆ ಹುಡುಗರಿಗೆ ಈ ತಿಳಿವಳಿಕೆ ಕೊಟ್ಟರೆ ಅದು ದೊಡ್ಡ ದಾಸೋಹವಾದೀತು. ಅರಿವು ಭಯವನ್ನು ಕಳೆಯಲಿ, ಭಯ ಹೋದಲ್ಲಿ ಸತ್ಯ ನೆಲಸಲಿ, ಸತ್ಯವಿರುವ ಮನೆಗಳಲ್ಲಿ ಗಂಡಹೆಂಡಿರ ಬಾಳು ತಂಪಾಗಿರಲೆಂದು ಹಾರೈಸುತ್ತೇವೆ.